ರಾಣಿಯರ ಅಂಚೆಚೀಟಿ: ತವರಿನ ಹೆಸರೋ, ಗಂಡನ ಮನೆಯ ಬಿರುದೋ?

ಅಕ್ಕಾರ, ರಾಣಿಯರ ಅಂಚೆಚೀಟಿಗಳದ್ದೇ ಒಂದು ಆಲ್ಬಂ ಮಾಡುತ್ತಿದ್ದೀರಿ ಅಂತ ಓದಿ ಖುಷಿಯಾಯಿತು. ಚೀಟಿಯ ಕೆಳಗೆ ತವರುಮನೆ ಹೆಸರು ಬರೆಯಬೇಕೋ, ಗಂಡನ ಮನೆಯ ಬಿರುದೋ ಅಂತ ಕೇಳಿದ್ದೀರಿ. ಮೊದಲು ಬಿರುದು ಎಲ್ಲಿಂದ ಬಂತು ನೋಡಿ: ಹುಟ್ಟಿನಿಂದಲೋ, ಮದುವೆಯಿಂದಲೋ. ಆಮೇಲೆ ತಾರೀಖು ನೋಡಿ.

ನಿಮಗೆ ಜಾಸ್ತಿ ಗೊಂದಲವಾಗಿರುವುದು ಡಯಾನಾ ಹಾಳೆಯಲ್ಲಿ. ಬ್ರಿಟನ್ನಿನ ಮದುವೆ ಚೀಟಿಗಳು, 14 ಮತ್ತು 25 ಪೆನ್ಸಿನವು, ಬಂದಿದ್ದು 1981ರ ಜುಲೈ 22ಕ್ಕೆ. ರಾಜಕುಮಾರ ಚಾರ್ಲ್ಸ್ ಜೊತೆ ಮದುವೆ ಆಗಿದ್ದು 29ಕ್ಕೆ. ಅಂದರೆ ಚೀಟಿ ಬಂದ ದಿನ ಆಕೆ ಇನ್ನೂ ಲೇಡಿ ಡಯಾನಾ ಸ್ಪೆನ್ಸರ್. ಆ ‘ಲೇಡಿ’ ತವರಿನದು, ತಂದೆ ಅರ್ಲ್ (ಬ್ರಿಟನ್ನಿನ ಒಂದು ಶ್ರೀಮಂತ ಪದವಿ) ಆಗಿದ್ದರಿಂದ ಬಂದದ್ದು. ಮದುವೆಯಾದ ಮೇಲಿನ ಚೀಟಿಗಳಿಗೆ ‘ದಿ ಪ್ರಿನ್ಸೆಸ್ ಆಫ್ ವೇಲ್ಸ್’ ಅಂತ ಬರೆಯಿರಿ. ‘ಪ್ರಿನ್ಸೆಸ್ ಡಯಾನಾ’ ಅಂತ ಎಲ್ಲರೂ ಕರೆದರು, ಆದರೆ ಅಲ್ಲಿನ ಪದ್ಧತಿಯಲ್ಲಿ ಸ್ವಂತ ಹೆಸರಿಗೆ ಮೊದಲು ಪ್ರಿನ್ಸೆಸ್ ಸೇರುವುದು ರಾಣಿ ಎಲಿಜಬೆತ್ ಮಗಳು ಆ್ಯನ್ ಥರ ರಾಜಮನೆತನದಲ್ಲೇ ಹುಟ್ಟಿದವರಿಗೆ. 1996ರಲ್ಲಿ ವಿಚ್ಛೇದನವಾದ ಮೇಲೆ ‘ಡಯಾನಾ, ಪ್ರಿನ್ಸೆಸ್ ಆಫ್ ವೇಲ್ಸ್’ ಆಯಿತು. ನಡುವಿನ ಅಲ್ಪವಿರಾಮ ಬಿಡಬೇಡಿ, ವಿಚ್ಛೇದಿತ ಪತ್ನಿ ಅಂತ ತಿಳಿಯುವುದೇ ಈ ರೂಪದಿಂದ. 1998ರ ಫೆಬ್ರವರಿಯಲ್ಲಿ ಬಂದ ಐದು ಸ್ಮಾರಕ ಚೀಟಿಗಳಿಗೆ ಇದೇ ಸರಿ.

ನಮ್ಮವರ ವಿಷಯ ಬೇರೆ. ಝಾನ್ಸಿ ರಾಣಿಯ 1957ರ ಚೀಟಿಗೆ ‘ಲಕ್ಷ್ಮೀಬಾಯಿ ತಾಂಬೆ’ ಅಂತ ಬರೆದಿದ್ದೀರಿ, ಅದನ್ನು ತಿದ್ದಿ. ತಾಂಬೆ ತವರಿನ ಅಡ್ಡಹೆಸರು, ಅಲ್ಲಿ ಆಕೆ ಮಣಿಕರ್ಣಿಕಾ. ಲಕ್ಷ್ಮೀಬಾಯಿ ಆಗಿದ್ದು ಗಂಗಾಧರರಾಯರನ್ನು ಮದುವೆಯಾದಾಗ. ಮದುವೆಯಲ್ಲಿ ಹೆಸರು ಬದಲಿಸುವ ರೂಢಿ ನಮ್ಮ ಕಡೆಯೂ ಎಷ್ಟೋ ಮನೆಗಳಲ್ಲಿ ಇತ್ತಲ್ಲ, ಹಾಗೆಯೇ. ಅರ್ಧ ಅಲ್ಲಿಂದ, ಅರ್ಧ ಇಲ್ಲಿಂದ ಜೋಡಿಸಿದರೆ ಯಾವ ಕಾಲಕ್ಕೂ ಸಲ್ಲುವುದಿಲ್ಲ. ಮೇಲೆ ‘ಝಾನ್ಸಿ ರಾಣಿ ಲಕ್ಷ್ಮೀಬಾಯಿ’, ಕೆಳಗೆ ಸಣ್ಣಕ್ಷರದಲ್ಲಿ ‘ಹುಟ್ಟು ಹೆಸರು ಮಣಿಕರ್ಣಿಕಾ ತಾಂಬೆ’ ಅಂತ ಹಾಕಿ.

ಚೆನ್ನಮ್ಮನ 1977ರ ಚೀಟಿಗೂ ಎರಡು ಸಾಲು ಬೇಕು. ಕಿತ್ತೂರು ಗಂಡ ಮಲ್ಲಸರ್ಜನ ಸಂಸ್ಥಾನ. ತವರು ಬೆಳಗಾವಿ ಹತ್ತಿರದ ಕಾಕತಿ. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್‌ನಲ್ಲಿ ದಿನಾ ಓಡಾಡುವ ಎಷ್ಟೋ ಜನರಿಗೆ ಕಾಕತಿಯ ಹೆಸರೇ ಗೊತ್ತಿಲ್ಲ, ನನಗೆ ಬಹಳ ಬೇಜಾರಾಗುತ್ತದೆ. ದಯವಿಟ್ಟು ಬರೆಯಿರಿ.

ಅಬ್ಬಕ್ಕನ 2023ರ ಚೀಟಿಗೆ ಮಾತ್ರ ಗಂಡನ ಊರು ಬೇಡ. ಆಕೆಯ ತವರಾದ ಚೌಟರದು ಅಳಿಯಸಂತಾನದ ಮನೆ, ಅಂದರೆ ಪಟ್ಟ ತಾಯಿಯ ಕಡೆಯಿಂದ ಇಳಿಯುತ್ತದೆ. ಉಳ್ಳಾಲದ ಪಟ್ಟ ಆಕೆಗೆ ಹುಟ್ಟಿನಿಂದಲೇ ಬಂತು, ಗಂಡ ಬಂಗಾಡಿಯ ಅರಸ. ‘ಉಳ್ಳಾಲದ ರಾಣಿ ಅಬ್ಬಕ್ಕ’ ಅಂದರೆ ಎಲ್ಲ ಬಂತು.

ನೀವು ಹಾನಗಲ್ಲಿನವರು ಅಂದಿರಿ. ಹಾಗಾದರೆ ಚೀಟಿ ಇಲ್ಲದಿದ್ದರೂ ಅಕ್ಕಾದೇವಿಗೆ ಒಂದು ಹಾಳೆ ಇಡಿ. ಕಲ್ಯಾಣ ಚಾಲುಕ್ಯರ ಮಗಳು, ಹಾನಗಲ್ ಕದಂಬರ ಸೊಸೆ. ಕಿಸುಕಾಡು ಅನ್ನುವ ಸೀಮೆಯನ್ನು ಆಳಿದಳು, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಶಾಸನಗಳಲ್ಲಿ ಆಕೆಯ ಬಿರುದು ‘ಗುಣದ ಬೆಡಂಗಿ’, ಅಂದರೆ ಗುಣದಿಂದ ಚೆಲುವೆ. ಅದು ತವರಿನದೂ ಅಲ್ಲ, ಗಂಡನ ಮನೆಯದೂ ಅಲ್ಲ, ಆಕೆಯದೇ. ಆ ಹಾಳೆಯ ತಲೆಬರಹಕ್ಕೆ ಅದನ್ನೇ ದೊಡ್ಡದಾಗಿ ಹಾಕಿ.