ಪ್ರತಿಕ್ರಿಯೆ: ಆರೋಗ್ಯ ಶಿಬಿರದಲ್ಲಿ ಹಿಂಸೆಯ ಬಗ್ಗೆ ಕೇಳಬಹುದಾ?

ನಿಮ್ಮ ಮಹಿಳಾ ಗುಂಪಿನ ಆರೋಗ್ಯ ಶಿಬಿರದಲ್ಲೇ ಮನೆಯೊಳಗಿನ ಹಿಂಸೆಯ ಬಗ್ಗೆಯೂ ವಿಚಾರಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ವಿಚಾರಿಸಿ. ಆದರೆ ಹೌದು ಅಂದವರನ್ನು ಮುಂದೆ ಎಲ್ಲಿಗೆ ಕಳಿಸುತ್ತೀರಿ ಅನ್ನೋದು ಮೊದಲೇ ಗೊತ್ತಿರಬೇಕು. ವೈದ್ಯರು, ವಕೀಲರು, ಆಪ್ತಸಮಾಲೋಚಕರು, ತಂಗಲು ಜಾಗ ಕೊಡುವವರು, ಎಲ್ಲರ ಜೊತೆ ಮಾತಾಡಿಟ್ಟುಕೊಳ್ಳಿ. ಸುಮ್ನೆ ಫೋನ್ ನಂಬರ್ ಇದ್ದರೆ ಸಾಲದು. ರಾತ್ರಿ ಕರೆ ಮಾಡಿದರೆ ಯಾರಾದರೂ ಎತ್ತುತ್ತಾರಾ ನೋಡಿ.

ಗಂಡ, ಅತ್ತೆ, ಮಾತು ಕಲಿತ ಮಗು ಪಕ್ಕದಲ್ಲಿದ್ದಾಗ ಕೇಳಲೇಬೇಡಿ. ಬಿಪಿ ನೋಡುವಾಗ ಒಬ್ಬರನ್ನೇ ಒಳಗೆ ಕರೆದು, ಬಾಗಿಲು ಹಾಕಿ ಕೇಳಿ. ಹಿಂಸೆ ಅಂತ ಬರೆದ ಚೀಟಿ ಕೈಗೆ ಕೊಡಬೇಡಿ. ಅದು ಮನೆಯಲ್ಲಿ ಸಿಕ್ಕಿದರೆ ಅವರಿಗೇ ಅಪಾಯ ಅಲ್ವಾ?

ಹಿಂಸೆ ತಡೆಯುವ ಕೆಲಸದಲ್ಲಿ ಗಂಡಸರನ್ನೂ ಸೇರಿಸಿಕೊಳ್ಳಿ. ಉಗಾಂಡದ ಕಂಪಾಲಾದಲ್ಲಿ ನಡೆದ ‘ಸಾಸಾ!’ ಕಾರ್ಯಕ್ರಮದಲ್ಲಿ ಅಲ್ಲಿನ ಗಂಡಸರು, ಹೆಂಗಸರೇ ತರಬೇತಿ ಪಡೆದು ಹಿಂಸೆ ನಿಲ್ಲಿಸೋ ಬಗ್ಗೆ ನೆರೆಹೊರೆಯವರ ಜೊತೆ ಮಾತಾಡಿದರು. 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅದು ನಡೆದ ಬಡಾವಣೆಗಳಲ್ಲಿ ಸಂಗಾತಿಯಿಂದ ದೈಹಿಕ ಹಿಂಸೆ ಬೇರೆ ಬಡಾವಣೆಗಳಿಗಿಂತ ಶೇ. 52ರಷ್ಟು ಕಮ್ಮಿ ಇತ್ತು. ಅದು ವರ್ಷಗಟ್ಟಲೆ ಮಾಡಿದ ಕೆಲಸ. ಒಂದು ದಿನದ ಭಾಷಣದಿಂದ ಅಷ್ಟು ಆಗಲ್ಲ.

ಇನ್ನು ದೂರು ಕೊಡೋದು, ಬಿಡೋದು. ಕಾನೂನು ಕಡ್ಡಾಯ ಮಾಡಿಲ್ಲದ ಕಡೆ ಆ ತೀರ್ಮಾನ ಆ ಹೆಣ್ಣುಮಗಳದ್ದೇ. ದಯವಿಟ್ಟು ಒತ್ತಾಯ ಮಾಡಬೇಡಿ.