ಕೋಡ್ ಎಡಿಟರ್‌ಗೆ ನೆನಪು ಜೋಡಿಸುವ ಮುನ್ನ ಹಳೆಯದನ್ನು ಅಳಿಸುವ ದಾರಿ ಮಾಡಿಕೊಳ್ಳಿ

ಪ್ರತಿ ಹೊಸ ಚಾಟ್‌ನಲ್ಲೂ ಎಐ ಎಡಿಟರ್ ಎಲ್ಲವನ್ನೂ ಮರೆಯುತ್ತದೆ, ಯಾವ ವೆಕ್ಟರ್ ಡೇಟಾಬೇಸ್ (ಅರ್ಥದ ಹೋಲಿಕೆಯಿಂದ ಹುಡುಕುವ ಸಂಗ್ರಹ) ಜೋಡಿಸಲಿ ಎಂದು ಕೇಳಿದ್ದೀರಿ. ನಮ್ಮ ತಂಡವೂ ಇದೇ ಪ್ರಶ್ನೆ ಹಿಡಿದು ಹೊರಟಿತ್ತು. ಭಾಷಾ ಮಾದರಿಗೆ ಹಿಂದಿನ ಮಾತುಕತೆಯ ನೆನಪಿರುವುದಿಲ್ಲ. ಕಾಂಟೆಕ್ಸ್ಟ್ ವಿಂಡೋಗೆ, ಅಂದರೆ ಅದು ಒಮ್ಮೆಗೆ ಓದಬಲ್ಲ ಪಠ್ಯಕ್ಕೆ, ನಾವು ಹಾಕಿಕೊಟ್ಟಷ್ಟೇ ಅದರ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಎಂಸಿಪಿ (ಎಐಗೆ ಹೊರಗಿನ ಸಾಧನಗಳನ್ನು ಜೋಡಿಸುವ ಮಾನದಂಡ) ಮೂಲಕ ಮೆಮೊರಿ ಸರ್ವರ್ ಒಂದನ್ನು ಜೋಡಿಸಿ, ಮುಖ್ಯವೆನಿಸಿದ್ದನ್ನು ತಾನೇ ಬರೆದಿಟ್ಟುಕೊಳ್ಳಲು ಎಡಿಟರಿನ ಏಜೆಂಟ್‌ಗೆ (ಹೇಳಿದ ಕೆಲಸವನ್ನು ತಾನೇ ಮಾಡುವ ಎಐಗೆ) ಅನುಮತಿ ಕೊಟ್ಟೆವು.

ಪೆಟ್ಟು ಬಿದ್ದದ್ದು ಅಲ್ಲೇ. ನಮ್ಮ ಬಿಲ್ಲಿಂಗ್ ಕೋಡಿನಲ್ಲಿ ಮೊತ್ತ ಮೊದಲು ರೂಪಾಯಿಯಲ್ಲಿತ್ತು. ಪಾವತಿ ಗೇಟ್‌ವೇ (ಹಣದ ವಹಿವಾಟು ನಡೆಸಿಕೊಡುವ ಸೇವೆ) ಪೈಸೆಯಲ್ಲಿ ಕೇಳುತ್ತಿದ್ದುದರಿಂದ, ಕಳುಹಿಸುವ ಮುನ್ನ 100ರಿಂದ ಗುಣಿಸಬೇಕಾಗಿತ್ತು. ಏಜೆಂಟ್ ಅದನ್ನು ಬರೆದಿಟ್ಟುಕೊಂಡಿತು. ಮುಂದೆ ಡೇಟಾಬೇಸನ್ನೇ ಪೈಸೆಗೆ ಬದಲಾಯಿಸಿ ಕೋಡನ್ನು ತಿದ್ದಿದೆವು, ಆದರೆ ಹಳೆಯ ಟಿಪ್ಪಣಿಯನ್ನು ಯಾರೂ ಅಳಿಸಲಿಲ್ಲ. ಭಾಗಶಃ ಮರುಪಾವತಿಯ ಫಂಕ್ಷನ್ ಬರೆಯಲು ಹೇಳಿದಾಗ ಏಜೆಂಟ್ ಆ ಟಿಪ್ಪಣಿ ನಂಬಿ ಮತ್ತೆ 100ರಿಂದ ಗುಣಿಸಿತು. ಟೆಸ್ಟನ್ನೂ ಅದೇ ಟಿಪ್ಪಣಿಯ ಆಧಾರದಲ್ಲೇ ಬರೆದಿದ್ದರಿಂದ ಟೆಸ್ಟ್ ಪಾಸಾಯಿತು. ಪೂರ್ಣ ಮರುಪಾವತಿಯಾಗಿದ್ದರೆ, ಗ್ರಾಹಕ ಕೊಟ್ಟದ್ದಕ್ಕಿಂತ ಹೆಚ್ಚಾಯಿತೆಂದು ಗೇಟ್‌ವೇಯೇ ತಿರಸ್ಕರಿಸುತ್ತಿತ್ತು. ಆದರೆ 2,400 ರೂಪಾಯಿಯ ಆರ್ಡರಿನಲ್ಲಿ 20 ರೂಪಾಯಿ ಹಿಂದಿರುಗಿಸಬೇಕಾದ ಕಡೆ 2,000 ರೂಪಾಯಿ ಹೋದರೆ ತಡೆಯುವುದು ಯಾವುದೂ ಇಲ್ಲ.

ಪೈಸೆಗೆ ಬದಲಾದ ಸಂಗತಿಯೂ ಅದೇ ಸಂಗ್ರಹದಲ್ಲಿತ್ತು ಎಂಬುದನ್ನು ಗಮನಿಸಿ. ವೆಕ್ಟರ್ ಹುಡುಕಾಟ ಅಳೆಯುವುದು ಅರ್ಥದ ಹೋಲಿಕೆಯನ್ನು; ಯಾವುದು ಈಗಲೂ ನಿಜ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಹೊಸ ಟಿಪ್ಪಣಿ ಮೈಗ್ರೇಷನ್ (ಡೇಟಾಬೇಸ್ ಬದಲಾವಣೆ) ಕುರಿತಾಗಿತ್ತು, ನಮ್ಮ ಕೋರಿಕೆ ಗೇಟ್‌ವೇ ಕುರಿತಾಗಿತ್ತು, ಆದ್ದರಿಂದ ಗೇಟ್‌ವೇ ಹೆಸರಿದ್ದ ಹಳೆಯ ಟಿಪ್ಪಣಿಯೇ ಮೇಲೆ ಬಂತು. ಯಾವುದಕ್ಕೂ ದಿನಾಂಕವಿರಲಿಲ್ಲ, ಯಾವ ಫೈಲ್ ನೋಡಿ ಬರೆದದ್ದೆಂಬ ಗುರುತಿರಲಿಲ್ಲ, ಹೊಸದು ಬಂದಾಗ ಹಳೆಯದನ್ನು ರದ್ದುಮಾಡುವ ಏರ್ಪಾಡೂ ಇರಲಿಲ್ಲ. ಕೋಡ್ ಬದಲಾದರೆ, ಬದಲಾವಣೆಗಳ ಲೆಕ್ಕ ಇಡುವ ಗಿಟ್ ತೋರಿಸುತ್ತದೆ. ಬದಲಾಗಬೇಕಿದ್ದ ಟಿಪ್ಪಣಿ ಹಾಗೆಯೇ ಉಳಿದರೆ ಯಾರ ಗಮನಕ್ಕೂ ಬರುವುದಿಲ್ಲ.

ಆದ್ದರಿಂದ ಯಾವ ಡೇಟಾಬೇಸ್ ಎಂಬ ಪ್ರಶ್ನೆಯನ್ನೇ ಸದ್ಯಕ್ಕೆ ಕೈಬಿಡಿ ಎನ್ನುತ್ತೇನೆ. ನಿಮಗೆ ಬೇಕಿರುವುದು ರೆಪೊಸಿಟರಿಯೊಳಗೇ (ಕೋಡ್ ಇರುವ ಸಂಗ್ರಹದಲ್ಲೇ) ಇರುವ ಸಾದಾ ಪಠ್ಯದ ಕಡತ. ಎಐ ಕೋಡಿಂಗ್ ಸಾಧನವಾದ ಕ್ಲಾಡ್ ಕೋಡ್ ‘ಕ್ಲಾಡ್ ಡಾಟ್ ಎಂಡಿ’ ಎಂಬ ಕಡತವನ್ನು ಪ್ರತಿ ಸೆಷನ್ನಿನ ಆರಂಭದಲ್ಲೇ ಓದಿಕೊಳ್ಳುತ್ತದೆ. ಎಐ ಎಡಿಟರ್ ಆದ ಕರ್ಸರ್‌ಗೆ ಅದರದೇ ರೂಲ್ಸ್ ಫೋಲ್ಡರ್ ಇದೆ. ಕೋಡ್ ನೋಡಿದರೆ ತಿಳಿಯುವಂಥದ್ದನ್ನು ಅಲ್ಲಿ ಬರೆಯಲೇಬೇಡಿ. ಮೊತ್ತ ಪೈಸೆಯಲ್ಲಿದೆ ಎಂಬುದು ಕಾಲಮ್ಮಿನ ಹೆಸರಿನಲ್ಲೇ ಇರಬೇಕು, ನಮ್ಮಲ್ಲಿ ಈಗ ಹಾಗೆಯೇ ಇದೆ. ಕೋಡ್ ಹೇಳಲಾರದ್ದನ್ನು, ಅಂದರೆ ಒಂದು ಲೈಬ್ರರಿಯನ್ನು ಏಕೆ ಬಿಟ್ಟೆವು, ಯಾವ ಫೋಲ್ಡರನ್ನು ಏಕೆ ಮುಟ್ಟಬಾರದು ಎಂಬಂಥದ್ದನ್ನು ಮಾತ್ರ ಕಾರಣಸಹಿತ ಬರೆಯಿರಿ. ಪ್ರತಿ ಸಾಲೂ ಕಾಂಟೆಕ್ಸ್ಟ್‌ನ ಜಾಗ ತಿನ್ನುವುದರಿಂದ ಕಡತವನ್ನು ಚಿಕ್ಕದಾಗಿಯೇ ಇಡಿ. ಏಜೆಂಟ್ ಹೊಸ ಸಾಲನ್ನು ಸೂಚಿಸಲಿ, ಸೇರಿಸುವುದು ಮಾತ್ರ ತಂಡದವರೊಬ್ಬರು ಓದಿ ಒಪ್ಪಿದ ಮೇಲೆ. ಮತ್ತು ನಿಯಮವೊಂದನ್ನು ಬದಲಿಸುವ ಪುಲ್ ರಿಕ್ವೆಸ್ಟ್‌ನಲ್ಲಿ (ಕೋಡ್ ಬದಲಾವಣೆಯ ಕೋರಿಕೆಯಲ್ಲಿ) ಈ ಕಡತದ ಹಳೆಯ ಸಾಲೂ ಬದಲಾಗದಿದ್ದರೆ ಅದನ್ನು ಮರ್ಜ್ ಮಾಡಬೇಡಿ, ಅಂದರೆ ಮುಖ್ಯ ಕೋಡಿಗೆ ಸೇರಿಸಬೇಡಿ.