ತುಮಕೂರಿನ ಡಿಫೆಂಡರ್ ಒಬ್ಬ ಕ್ಲಬ್‌ನಿಂದ ಕ್ಲಬ್‌ಗೆ ಹೋಗುತ್ತಾ ಫುಟ್‌ಬಾಲ್‌ನಲ್ಲೇ ಬದುಕಬಹುದೇ?

ಬದುಕಬಹುದು, ಆದರೆ ತುಮಕೂರಿನಲ್ಲೇ ಕೂತು ಆಗದು. ಸುಮಾರು 70 ಕಿ.ಮೀ. ದೂರದ ಬೆಂಗಳೂರಿನ ಲೀಗ್‌ನ ಕೆಳಗಿನ ಡಿವಿಷನ್‌ಗಳಲ್ಲಿ ಆಡಿ ಅದರ ಮೇಲಿನ ಹಂತವಾದ ಸೂಪರ್ ಡಿವಿಷನ್ ತಲುಪುವುದು ಮೊದಲ ಗುರಿ. ಐಎಸ್‌ಎಲ್‌ನಂಥ (ಇಂಡಿಯನ್ ಸೂಪರ್ ಲೀಗ್) ದೇಶಮಟ್ಟದ ಲೀಗ್‌ಗಳ ಮಾತು ಆಮೇಲೆ.

ಭಾರತ ತಂಡದ ಮಾಜಿ ಸೆಂಟರ್ ಬ್ಯಾಕ್ (ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್) ಗೌರಮಾಂಗಿ ಸಿಂಗ್ ಅವರನ್ನೇ ನೋಡಿ: ಡೆಂಪೊ, ಮಹೀಂದ್ರಾ ಯುನೈಟೆಡ್, ಚರ್ಚಿಲ್ ಬ್ರದರ್ಸ್, ಪ್ರಯಾಗ್ ಯುನೈಟೆಡ್, ಚೆನ್ನೈಯಿನ್. ಕ್ಲಬ್ ಬದಲಿಸುವುದು ಕಳಂಕವಲ್ಲ.

ಕೆಲಸ ಸಿಗುವುದು ಎರಡು ಜಾಗದಲ್ಲಿ ಆಡಬಲ್ಲವನಿಗೆ. ಸೆಂಟರ್ ಬ್ಯಾಕ್ ಜೊತೆಗೆ ಫುಲ್ ಬ್ಯಾಕ್ (ಬದಿಯ ಡಿಫೆಂಡರ್) ಆಟವೂ ಬಂದರೆ ಬೆಂಚಿನಿಂದಲಾದರೂ ಅವಕಾಶ ಬರುತ್ತದೆ; ಎಡಗಾಲಿನವನಾದರೆ ಇನ್ನೂ ಬೇಡಿಕೆ. ಕೋಚ್‌ಗೆ ಆಯ್ದ ತುಣುಕುಗಳ ವಿಡಿಯೊ ಕಳಿಸಬೇಡಿ. ಡಿಫೆಂಡರ್‌ನ ಬೆಲೆ ಚೆಂಡಿಲ್ಲದಾಗ ನಿಲ್ಲುವ ಜಾಗದಲ್ಲಿದೆ, ಅದು 90 ನಿಮಿಷದ ಪೂರ್ತಿ ಪಂದ್ಯದಲ್ಲಷ್ಟೇ ಕಾಣುತ್ತದೆ.

ಎಡವುವುದು ಹೆಚ್ಚಾಗಿ ಕಾಗದದಲ್ಲಿ. ಫಿಫಾ ನಿಯಮದಂತೆ ಒಂದು ಸೀಸನ್‌ನಲ್ಲಿ ಮೂರು ಕ್ಲಬ್‌ಗಳಲ್ಲಿ ನೋಂದಾಯಿಸಿಕೊಳ್ಳಬಹುದು, ಅಧಿಕೃತ ಪಂದ್ಯ ಆಡಬಹುದಾದದ್ದು ಸಾಮಾನ್ಯವಾಗಿ ಎರಡಕ್ಕೆ ಮಾತ್ರ. ಲೆಕ್ಕ ತಪ್ಪಿದರೆ ಮಿಕ್ಕ ಸೀಸನ್ ಗ್ಯಾಲರಿಯಲ್ಲೇ. ಲೋನ್ ಮೇಲೆ (ತಾತ್ಕಾಲಿಕವಾಗಿ ಬೇರೆ ಕ್ಲಬ್‌ಗೆ) ಹೋಗುವಾಗ ಸಂಬಳ, ಗಾಯದ ಚಿಕಿತ್ಸೆಯ ಖರ್ಚು ಯಾವ ಕ್ಲಬ್‌ನದು ಎಂದು ಬರೆಸಿಕೊಳ್ಳಿ. ಮಂಡಿಯ ಎಸಿಎಲ್ ಎಂಬ ಅಸ್ಥಿಬಂಧ (ಲಿಗಮೆಂಟ್) ಹರಿದರೆ ಆರೇಳು ತಿಂಗಳಿಗೂ ಹೆಚ್ಚು ಮನೆಯಲ್ಲಿರಬೇಕಾಗುತ್ತದೆ. ಎರಡು ತಿಂಗಳ ಸಂಬಳ ಬಾಕಿಯಾದರೆ ಫಿಫಾ ನಿಯಮದಡಿ ಕನಿಷ್ಠ 15 ದಿನಗಳ ಗಡುವಿನ ಲಿಖಿತ ನೋಟಿಸ್ ಕೊಟ್ಟು, ಆಗಲೂ ಹಣ ಬರದಿದ್ದರೆ ಒಪ್ಪಂದ ಮುರಿಯಬಹುದು. ನೋಟಿಸ್ ಕೊಡದೆ ಸಿಟ್ಟಿನಲ್ಲಿ ಕ್ಯಾಂಪ್ ಬಿಟ್ಟು ಬಂದರೆ ತಪ್ಪು ಆಟಗಾರನ ತಲೆಗೇ ಬರಬಹುದು.